ಕಾರನ್ನು ಸುತ್ತಿದ ಗೆರೆ

"ಸೂರ್ಯ ಬೇಕಾದ್ರೆ ನನ್ನ ಗೆರೆ ನೋಡಿ ತನ್ನ ಕಿರಣ ತಿದ್ಕೊಳ್ಳಲಿ" ಎಂಬುದು ನೂಲಣ್ಣನ ಬಡಾಯಿ. ರಸ್ತೆಗೆ ಬಿಳಿ ಗೆರೆ ಬಳಿಯುವುದು ಅವನ ಕಸುಬು. ಬಳಿಯುವ ಮುಂಚೆ ಉದ್ದಕ್ಕೆ ನೂಲು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದುದರಿಂದ ಆ ಹೆಸರು ಬಂತು. ನಿದ್ದೆಯಲ್ಲೂ ಅವನು ಒಂದೇ ಕಣ್ಣು ಮುಚ್ಚುತ್ತಾನೆಂದು ಹೆಂಡತಿ ಹೇಳುತ್ತಾಳೆ. ನಂಬುವವರು ನಂಬಬಹುದು.

ಆ ವರ್ಷದ ಬಿಸಿಲಿಗೆ ಡಾಂಬರು ಕರಗಿ, ಚಪ್ಪಲಿ ಹಿಡಿದರೆ ಬೀಗರ ಹಾಗೆ ಬಿಡುತ್ತಲೇ ಇರಲಿಲ್ಲ. ಹೊಗೆ ಕಮ್ಮಿಯಾಗಲಿ, ಜನ ನಡೆಯಲಿ, ಸೈಕಲ್ ತುಳಿಯಲಿ, ಬಸ್ಸು ಹತ್ತಲಿ ಎಂದು ನಗರಸಭೆಯವರು ಮನೆಯಷ್ಟು ದೊಡ್ಡ ಫಲಕ ನಿಲ್ಲಿಸಿದರು. ನಿಲ್ಲಿಸಿದ್ದು ಬಸ್ ನಿಲ್ದಾಣದ ಜಾಗದಲ್ಲಿ. ಬಸ್ಸು ರದ್ದಾಗಿದ್ದರಿಂದ ಜಾಗ ಖಾಲಿ ಬಿದ್ದಿತ್ತು.

ಬಸ್ಸು ಹೋದ ಮೇಲೆ ನೂಲಣ್ಣನ ಅಕ್ಕ ಸೈಕಲ್ ಹತ್ತಿದ್ದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಅವಳಿಗೆ ಇಸ್ತ್ರಿ ಕೆಲಸ. ಲಾರಿಗಳ ನಡುವೆ ಜೀವವನ್ನು ಕೈಯಲ್ಲಿ ಹಿಡಿದು ಹೋಗಿಬರುತ್ತಿದ್ದಳು. ಅದೇ ರಸ್ತೆಗೆ ಸೈಕಲ್ ಪಥ ಬಳಿಯುವ ಕೆಲಸ ಸಿಕ್ಕಾಗ ನೂಲಣ್ಣ ನೆಲದ ಮೇಲೆ ನಿಲ್ಲಲಿಲ್ಲ.

"ಅಕ್ಕಾ, ನನ್ನ ಗೆರೆಯೊಳಗೇ ಬಾ. ಕಣ್ಮುಚ್ಕೊಂಡು ತುಳಿ, ಆಸ್ಪತ್ರೆಗೆ ಬಿಡ್ತೀನಿ."

"ಗೇಟಿಗೆ ಬಿಡು ಸಾಕು ಕಣೋ, ವಾರ್ಡಿಗೆ ಬಿಡ್ಬೇಡ."

ಬಣ್ಣ ಕಾಯಿಸಿ ಗಾಡಿ ತಳ್ಳುತ್ತ ಆಸ್ಪತ್ರೆಯ ಹತ್ತಿರ ಬಂದರೆ, ಗೆರೆ ಬೀಳಬೇಕಾದ ಜಾಗದ ಮೇಲೇ ಹೊಳೆಯುವ ಬಿಳಿ ಕಾರೊಂದು ನಿಂತಿತ್ತು.

"ಅಧ್ಯಕ್ಷರ ಬಾಮೈದುನನ ಕಾರು ಕಣಯ್ಯ. ಸುತ್ತಿ ಬಳಿ" ಅಂದರು ಕೆಲಸ ನೋಡಲು ಬಂದಿದ್ದ ನಗರಸಭೆಯ ಇಂಜಿನಿಯರು.

"ಕಾರು ನಾಳೆ ಹೋಗುತ್ತೆ ಸಾರ್, ಗೆರೆ ಹೋಗಲ್ಲ."

"ಮಧ್ಯಾಹ್ನ ಉದ್ಘಾಟನೆ. ನಿನ್ನ ನೂಲು ಸುತ್ತಿ ಜೇಬಲ್ಲಿಟ್ಕೋ."

ಕಾದ ಬಣ್ಣ ಆರಿದರೆ ಗಾಡಿಯಲ್ಲೇ ಕಲ್ಲಾಗುತ್ತದೆ. ನೂಲಣ್ಣ ನೂಲನ್ನು ಜೇಬಿಗಿಟ್ಟ. ದಿನಾ ಒಂದು ಕಣ್ಣು ಮುಚ್ಚುತ್ತಿದ್ದವನು ಅವತ್ತು ಎರಡನ್ನೂ ಮುಚ್ಚಿಕೊಂಡನೆಂದೇ ಹೇಳಬೇಕು. ಗೆರೆ ಕಾರನ್ನು ಸುತ್ತಿ, ಲಾರಿ ಓಡುವ ಕಡೆಗೆ ಬಸುರಿಯ ಹೊಟ್ಟೆಯಂತೆ ಉಬ್ಬಿ, ಮತ್ತೆ ಒಳಗೆ ಬಂತು. ಉದ್ಘಾಟನೆಗೆ ಬಂದ ಕಾರುಗಳ ಸಾಲು ಎಷ್ಟು ಉದ್ದವಿತ್ತೆಂದರೆ, ಅದರ ಬಾಲ ಪಕ್ಕದ ಊರಿನಲ್ಲಿತ್ತು.

ಅಕ್ಕ ತಮ್ಮನ ಮಾತು ನಂಬಿ ಗೆರೆಯೊಳಗೇ ಬಂದಳು. ಗೆರೆ ಹೊರಳಿದ ಕಡೆ ತಾನೂ ಹೊರಳಿದಳು. ಹಿಂದಿದ್ದ ಲಾರಿ ಹೊರಳಲಿಲ್ಲ.

ನೂಲಣ್ಣ ವಾರ್ಡಿನ ಮಂಚದ ಪಕ್ಕ ತಲೆ ತಗ್ಗಿಸಿ ನಿಂತ. ಅಕ್ಕನ ಬಲಗಾಲು ಕಟ್ಟಿನೊಳಗಿತ್ತು.

"ಮೂಳೆ ನೆಟ್ಟಗೆ ಕೂರಿಸಿದಾರಂತೆ ಕಣೋ" ಅಂದಳು ಅವಳು. "ಡಾಕ್ಟ್ರಿಗೆ ಯಾವ ಕಾರೂ ಅಡ್ಡ ಬರ್ಲಿಲ್ಲ ನೋಡು."

ನಗಿಸಲೆಂದು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ದಿನವಿಡೀ ನಿಂತು ಇಸ್ತ್ರಿ ಮಾಡುವ ಕೆಲಸ ಆ ಕಾಲಿಗೆ ಇನ್ನು ಆಗದೆಂದು ಇಬ್ಬರಿಗೂ ತಿಳಿದಿತ್ತು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಇಂಜಿನಿಯರು ಕಚೇರಿಯಲ್ಲಿ ನಕ್ಕರು. ಅಕ್ಕ ಪಾಪ ಏನೂ ಅಂದಿರಲಿಲ್ಲ. ನೆಲದ ಮೇಲಿನ ಡೊಂಕು ಮಾತ್ರ ನಿಜವಾಗಿತ್ತು. ಸೈಕಲ್ ಪಥವೇ ಅಪಾಯ, ಅಳಿಸಿಬಿಡಿ ಎಂದು ನಗರಸಭೆಯಲ್ಲಿ ತೀರ್ಮಾನವಾಯಿತು. ಕಪ್ಪು ಬಳಿಯಲು ನೂಲಣ್ಣನನ್ನೇ ಕಳಿಸಿದರು. ಒಲ್ಲೆ ಅನ್ನಬೇಕೆಂದು ಬಾಯಿತನಕ ಬಂತು. ಈಗ ಎರಡು ಮನೆಯ ಒಲೆ ಅವನೊಬ್ಬನ ದುಡಿಮೆಯಲ್ಲೇ ಉರಿಯಬೇಕಿತ್ತು. ನುಂಗಿಕೊಂಡು ಹೋದ.

ಕಪ್ಪು ಸಿಡಿದೀತೆಂದು ಬಾಮೈದುನ ಬೆಳಗ್ಗೆಯೇ ಕಾರು ತೆಗೆದಿದ್ದ. ಫಲಕ ಮಾತ್ರ ನಿಂತಿತ್ತು. ಅದರ ನೆರಳಲ್ಲಿ ನಾಲ್ಕು ಬೈಕು ತಂಪು ಕಾಯುತ್ತಿದ್ದವು. ನೂಲಣ್ಣ ಬಿಳಿಯ ಮೇಲೆ ಕಪ್ಪು ಬಳಿಯುತ್ತ ಬಂದು, ಖಾಲಿ ಜಾಗವೊಂದನ್ನು ಸುತ್ತಿಕೊಂಡು ಹೋಗತೊಡಗಿದ.

ಕೊಡೆ ಹಿಡಿದು ನಿಂತಿದ್ದ ಇಂಜಿನಿಯರಿಗೆ ತಮಾಷೆ ಹೊಳೆಯಿತು. "ಏನಯ್ಯಾ, ಸೂರ್ಯಂಗೇ ಪಾಠ ಹೇಳೋನು. ಕಾರೇ ಇಲ್ಲ, ಇವತ್ತೂ ಡೊಂಕಾ?"

ನೂಲಣ್ಣ ಸೊಂಟ ಹಿಡಿದುಕೊಂಡು ಎದ್ದು ನಿಂತ.

"ಡೊಂಕು ನಾವಿಬ್ರೂ ಸೇರಿ ಹಾಕಿದ್ದು ಸಾರ್. ಬಣ್ಣ ಬದಲಾಯ್ಸಿದ್ರೆ ನೆಟ್ಟಗಾಗುತ್ತಾ?"