ಸದ್ದಿಲ್ಲದ ಹೀಟ್‌ಸಿಂಕ್ ಹುಡುಕಿಕೊಂಡು ಘಾಜಿಯಾಬಾದಿಗೆ

ಹೌಜ್ ಖಾಸಿನ ಬಸ್ ನಿಲ್ದಾಣಕ್ಕೆ ಬಂದಾಗ ಬೆಳಗಿನ ಹೊತ್ತಿಗೇ ಸೆಖೆ ಏರಿತ್ತು. ಮಳೆಗಾಲ ಮುಗಿಯುತ್ತ ಬಂದಿದ್ದರೂ ದೆಹಲಿ ಬೆವರುವುದನ್ನು ಬಿಟ್ಟಿರಲಿಲ್ಲ. ನಾನು ಹೊರಟಿದ್ದು ಬಿಸ್ಕತ್ತಿನಷ್ಟು ದೊಡ್ಡ ಅಲ್ಯೂಮಿನಿಯಂ ತುಂಡೊಂದನ್ನು ಹುಡುಕಲು. ಹಳೆಯ 486 ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂತು, ಫ್ಯಾನಿನ ಹಂಗಿಲ್ಲದೆ, ತನ್ನ ತೆಳುವಾದ ಹಲ್ಲುಗಳಿಂದಲೇ ಬಿಸಿಯನ್ನು ಗಾಳಿಗೆ ಬಿಡುವ ಹೀಟ್‌ಸಿಂಕ್ ಅದು.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಓಡಾಟ ಯಾಕೆಂದರೆ, ನನ್ನ ಸಂಶೋಧನೆಯೇ ಕಿವಿಗೊಡುವುದು. ಜೋಳದ ಕಾಳಿನೊಳಗೆ ನುಸಿಯ ಮರಿ ಕೊರೆಯುವ ಸದ್ದನ್ನು ಹಿಡಿದರೆ, ಗೋದಾಮಿನ ಕಾಳು ಕೆಡುತ್ತಿದೆಯೇ ಎಂದು ಮೊದಲೇ ಹೇಳಬಹುದು. ಆ ಸದ್ದು ಹಿಡಿಯುವ ಕಾರ್ಡನ್ನು ನನ್ನ ಮಾರ್ಗದರ್ಶಕರಾದ ಕುಲಕರ್ಣಿ ಸರ್ ವರ್ಷಗಳ ಹಿಂದೆ ಕೈಯಾರೆ ಮಾಡಿದ್ದರು. ಹೊಸ ಕಂಪ್ಯೂಟರುಗಳಲ್ಲಿ ಅದು ಕೂರುವುದಿಲ್ಲ, ಅದಕ್ಕೇ ಈ ಹಳೆಯ 486. ಪರದೆಯನ್ನೂ ಕರೆಂಟಿನ ಡಬ್ಬಿಯನ್ನೂ ಗೋಡೆಯಾಚೆ ಇಟ್ಟು ಕೋಣೆಯನ್ನು ನಿಶ್ಶಬ್ದ ಮಾಡಿಕೊಂಡಿದ್ದೆವು. ಆ ವಾರ ದುರಸ್ತಿಗೆ ಬಂದ ಪುಣ್ಯಾತ್ಮನೊಬ್ಬ ಉಪಕಾರವೆಂದುಕೊಂಡು ಹಳೆಯ ಹೀಟ್‌ಸಿಂಕ್ ಕಿತ್ತೆಸೆದು, ಫ್ಯಾನ್ ಇರುವುದನ್ನು ಕೂರಿಸಿ ಹೋಗಿದ್ದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ. ಫ್ಯಾನ್ ತಿರುಗಿದರೆ ಹುಳದ ಸದ್ದು ಕೇಳದು, ನಿಲ್ಲಿಸಿದರೆ ಕಂಪ್ಯೂಟರ್ ಕಾದು ನಿಂತುಬಿಡುತ್ತದೆ. ಇನ್ನೆರಡು ದಿನ ಕಳೆದರೆ ಮರಿಗಳು ಕೋಶ ಕಟ್ಟಿ ತಿನ್ನುವುದನ್ನೇ ನಿಲ್ಲಿಸುತ್ತಿದ್ದವು. ಹೊಸದಾಗಿ ಮರಿ ಸಾಕಿ ಶುರುಮಾಡುವಷ್ಟರಲ್ಲಿ ಸರ್ ನಿವೃತ್ತರಾಗಿ, ನನ್ನ ಫೆಲೋಶಿಪ್ಪೂ ಮುಗಿದಿರುತ್ತಿತ್ತು.

“ಶಾಹಿನಾ, ಹಟ ಬಿಡಮ್ಮ. ಇರೋ ರೀಡಿಂಗ್ಸ್‌ನಲ್ಲೇ ಥೀಸಿಸ್ ಬರೆದು ಮುಗಿಸು,” ಅಂದಿದ್ದರು ಸರ್. ಹೊಸಪೇಟೆಯ ಮನೆಯಲ್ಲಿ ಅಮ್ಮಿ ನನ್ನನ್ನು ಕರೆಯುತ್ತಿದ್ದದ್ದೇ ಜಿಗಣೆ ಅಂತ. ನಾನು ಬಸ್ಸು ಹತ್ತಿದೆ.

ಕಂಪ್ಯೂಟರ್ ಅಂಗಡಿಗಳೇ ತುಂಬಿದ ನೆಹರೂ ಪ್ಲೇಸಿನಲ್ಲಿ ಹೀಟ್‌ಸಿಂಕುಗಳಿಗೇನೂ ಬರವಿರಲಿಲ್ಲ. ಆದರೆ ಎಲ್ಲವೂ ಹೊಸವು, ಎತ್ತರದವು, ನಮ್ಮದರಲ್ಲಿ ಕೂರಿಸಿದರೆ ಸರ್ ಮಾಡಿದ ಕಾರ್ಡಿಗೆ ತಾಗುವಂಥವು. ಅಂಗಡಿ ಅಂಗಡಿ ಹತ್ತಿಳಿದೆ. ಕೊನೆಗೆ ನೆಲಮಾಳಿಗೆಯ ಅಂಗಡಿಯವನೊಬ್ಬ ನನ್ನ ಕೈಯಲ್ಲಿದ್ದ ಚಿತ್ರ ನೋಡಿ ನಕ್ಕುಬಿಟ್ಟ. “ಮೇಡಂ, ಇದರ ಕಾಲ ಮುಗೀತು. ಸೀಲಂಪುರದ ಗುಜರಿ ಕಬಾಡಿಗಳ ಹತ್ರ ನೋಡಿ. ಅಲ್ಲಿಲ್ಲಾಂದ್ರೆ ಎಲ್ಲೂ ಇಲ್ಲ.”

ಕಾಶ್ಮೀರಿ ಗೇಟಿನವರೆಗೆ ಹತ್ತು ರೂಪಾಯಿಯ ಬಸ್ಸು, ಒಂಟಿಕಾಲಲ್ಲಿ ನಿಂತು. ಅಲ್ಲಿಂದ ಮೆಟ್ರೊ ಹತ್ತಿದಾಗ ತಣ್ಣನೆಯ ಗಾಳಿಗೆ ಸಿಟ್ಟು ಸ್ವಲ್ಪ ಇಳಿಯಿತು. ಯಮುನೆ ದಾಟಿ ಸೀಲಂಪುರದಲ್ಲಿ ಇಳಿದರೆ ಗಲ್ಲಿಯ ಎರಡೂ ಬದಿಗೆ ಕಂಪ್ಯೂಟರುಗಳ ಹೆಣ. ಗುಜರಿ ವ್ಯಾಪಾರಿಯೊಬ್ಬ ಚಿತ್ರವನ್ನು ಕಂಡ ಕೂಡಲೇ ಗುರುತು ಹಿಡಿದ. “ಅಚ್ಛಾ, ಇದು. ಒಂದು ಚೀಲ ಇತ್ತು. ಬೆಳಗ್ಗೆ ಘಾಜಿಯಾಬಾದಿನ ಲೋಹ ಕರಗಿಸೋ ಭಟ್ಟಿಗೆ ಹೋಯ್ತು, ಪಾತ್ರೆ ಮಾಡೋಕೆ.” ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಯಾವಾಗ ಕರಗಿಸ್ತಾರೆ ಭಯ್ಯಾ?”

“ಸಂಜೆ. ನೀವು ಬರ್ತಿದೀರಂತ ಅಲ್ಲಿಗೆ ಫೋನ್ ಮಾಡಿ ಹೇಳ್ತೀನಿ, ಆದ್ರೆ ಭಟ್ಟಿ ಯಾರಿಗೂ ಕಾಯಲ್ಲ.”

ಶಾಹದರಾದವರೆಗೆ ಮತ್ತೆ ಮೆಟ್ರೊ, ಅಲ್ಲಿಂದ ಪ್ಯಾಸೆಂಜರ್ ರೈಲು. ಮಧ್ಯಾಹ್ನದ ಊಟವೆಂದರೆ ಪ್ಲಾಟ್‌ಫಾರಮಿನಲ್ಲಿ ಕೊಂಡ ಎರಡು ಬ್ರೆಡ್ ಪಕೋಡ. ಒಂದು ತಿಂದೆ, ಇನ್ನೊಂದು ನೂಕುನುಗ್ಗಲಲ್ಲಿ ಯಾರದೋ ಚಪ್ಪಲಿಗೆ ಹೋಯಿತು. ಘಾಜಿಯಾಬಾದಿನಲ್ಲಿ ಸೈಕಲ್ ರಿಕ್ಷಾದವನಿಗೆ ದಾರಿಯುದ್ದಕ್ಕೂ “ಬೇಗ, ಬೇಗ” ಅಂದೆ. “ಮೇಡಂ, ನೀವು ಇಳಿದರೆ ಇನ್ನೂ ಬೇಗ ಹೋಗತ್ತೆ,” ಅಂದ.

ಭಟ್ಟಿ ಇನ್ನೂ ಹೊತ್ತಿರಲಿಲ್ಲ. ತಗಡಿನ ಮಾಡಿನ ಕೆಳಗೆ ಹೀಟ್‌ಸಿಂಕುಗಳ ಗುಡ್ಡೆ, ಅದರ ಮುಂದೆ ಇಕ್ಕಳ ಹಿಡಿದ ಶಾಂತಿದೇವಿ ಎಂಬ ಹೆಂಗಸು. ಅವುಗಳ ಮೇಲಿನ ಉಕ್ಕಿನ ಕ್ಲಿಪ್ಪುಗಳನ್ನು ಕಿತ್ತು ಬೇರೆ ರಾಶಿಗೆ ಎಸೆಯುವುದು ಅವಳ ಕೆಲಸ. ಅಲ್ಯೂಮಿನಿಯಂ ಜೊತೆ ಉಕ್ಕು ಬೆರೆಯಬಾರದು. ವಿಷಯ ಹೇಳಿದೆ. ಹುಳದ ಸದ್ದು ಕೇಳಲು ದಿನವಿಡೀ ಅಲೆದವಳನ್ನು ಅವಳು ಮೇಲಿಂದ ಕೆಳಗೆ ನೋಡಿದಳು.

“ಹುಡುಕು. ಸುಮ್ಮನೆ ಕೆದಕಬೇಡ. ಕೈಗೆ ಬಂದದ್ದರ ಕ್ಲಿಪ್ಪು ಕೀಳ್ತಾ ಹೋಗು, ನನ್ನ ಕೆಲಸಾನೂ ಆಗತ್ತೆ.” ಇನ್ನೊಂದು ಇಕ್ಕಳ ನನ್ನತ್ತ ತಳ್ಳಿದಳು.

ನೆಲದ ಮೇಲೆ ಕೂತೆ. ಕೀಳುವುದು, ಎಸೆಯುವುದು. ಉಗುರು ಮುರಿಯಿತು, ಹೆಬ್ಬೆರಳು ಸೀಳಿತು. ಆಚೆ ಕುಲುಮೆಗೆ ಕಲ್ಲಿದ್ದಲು ಸುರಿಯುವ ಸದ್ದು ಕೇಳಿದಾಗ ಕೈ ಇನ್ನೂ ಚುರುಕಾಯಿತು. ಎಷ್ಟು ಚುರುಕೆಂದರೆ, ಕುಳ್ಳಗಿನ ಕಪ್ಪು ತುಂಡೊಂದರ ಕ್ಲಿಪ್ಪನ್ನು ಕಿತ್ತೆಸೆದು, ತುಂಡನ್ನೂ ಗುಡ್ಡೆಗೆ ಹಾಕಿದ ಮೇಲೆ ನೆನಪಾಯಿತು, ನಾನು ಬಂದದ್ದೇ ಅದಕ್ಕೆ ಎಂದು. ತುಂಡು ಸಿಕ್ಕಿತು. ಕ್ಲಿಪ್ಪಿಲ್ಲದೆ ಅದು ಪ್ರೊಸೆಸರಿಗೆ ಕಚ್ಚಿಕೊಳ್ಳುವುದಿಲ್ಲ. ಶಾಂತಿದೇವಿ ಹೊಟ್ಟೆ ಹಿಡಿದು ನಕ್ಕಳು. “ಈಗ ಎಸೆದದ್ದು ಮೇಲೇ ಇರತ್ತೆ, ತಗೋ.” ಮೇಲೇ ಇತ್ತು, ಸೊಟ್ಟಗಾಗಿತ್ತು. ಇಕ್ಕಳದಲ್ಲಿ ಒತ್ತಿ ಒತ್ತಿ ನೆಟ್ಟಗೆ ಮಾಡಿದೆ.

ದುಡ್ಡು ಕೊಡಹೋದರೆ ಅವಳು ತೆಗೆದುಕೊಳ್ಳಲಿಲ್ಲ, ಕೂಲಿಗೆ ಕೂಲಿ ಸರಿಹೋಯಿತು ಅಂದಳು. ಗೇಟಿನಿಂದ ತಿರುಗಿ ನೋಡಿದೆ. ನಾವಿಬ್ಬರೂ ಹಸನು ಮಾಡಿದ ಗುಡ್ಡೆಯನ್ನು ಭಟ್ಟಿಯ ಆಳುಗಳು ಬುಟ್ಟಿಯಲ್ಲಿ ತುಂಬಿ ಕುಲುಮೆಯತ್ತ ಒಯ್ಯುತ್ತಿದ್ದರು.

ಮರುದಿನ ಬೆಳಗ್ಗೆ ಹೀಟ್‌ಸಿಂಕ್ ಕೂರಿಸಿ, ಕೋಣೆಯ ಬಾಗಿಲು ಹಾಕಿ ಸ್ವಿಚ್ ಒತ್ತಿದೆ. ಯಾವ ಸದ್ದೂ ಬರಲಿಲ್ಲ.

“ಶುರು ಆಗ್ಲಿಲ್ವಾ?” ಸರ್ ಮುಖ ಸಣ್ಣದಾಯಿತು.

ಅವರ ಕೈ ಹಿಡಿದು ಹೀಟ್‌ಸಿಂಕಿನ ಮೇಲಿಟ್ಟೆ. ಅದು ಬೆಚ್ಚಗಾಗುತ್ತಿತ್ತು. ಅವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ನನಗೆ ಉಸಿರಾಡಲೂ ಭಯ. ಆಮೇಲೆ ಅದನ್ನು ತೆಗೆದು ನನ್ನ ಕಿವಿಗೆ ಹಾಕಿದರು.

ಕರ್. ಸ್ವಲ್ಪ ತಡೆದು ಮತ್ತೆ, ಕರ್, ಕರ್. ಮರಿ ಇನ್ನೂ ತಿನ್ನುತ್ತಿತ್ತು.

ನನಗೆ ಬಿಕ್ಕಳಿಸಿ ಅಳು ಬಂತು. ರೆಕಾರ್ಡಿಂಗ್ ಆಗಲೇ ನಡೆದಿತ್ತು. ಸರ್ ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಬಾಗಿಲು ತೆಗೆದು, ಹೊರಗೆ ಹೋಗಿ ಅಳು ಎಂದು ಕೈಸನ್ನೆ ಮಾಡಿದರು.