ಊಟ ಆತೇನ್ರಿ

ಶಹಾಪುರದ ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಆ ಅಕ್ಕ, ಯಾರೇ ಬರಲಿ, ಬಾಯಲ್ಲಿದ್ದ ದಾರ ತೆಗೆದು ಮೊದಲು ಕೇಳುತ್ತಿದ್ದುದು ಒಂದೇ: "ಊಟ ಆತೇನ್ರಿ?"

ಆಕೆಯ ತಮ್ಮ ಸರಕು ಹಡಗಿನಲ್ಲಿ ಅಡುಗೆಯವ. ಕ್ರಿಸ್ಮಸ್ ದಿನ ಹಡಗಿನವರಿಗೆಲ್ಲ ಶುಭಾಶಯ ಹೇಳಲು ಮೊಬೈಲ್ ಹಿಡಿದವಳು ತನ್ನ ದನಿಯಲ್ಲೇ ಅದನ್ನೇ ಕೇಳಿ, ರೆಕಾರ್ಡ್ ಮಾಡಿ ತಮ್ಮನಿಗೆ ಕಳಿಸಿದಳು.

"ಹ್ಯಾಪಿ ಕ್ರಿಸ್ಮಸ್ ಅನ್ನಬೇಕು ಅಕ್ಕಾ," ಎಂದು ನಾನು ನಕ್ಕೆ.

"ಅದು ಎಲ್ಲಾರೂ ಅಂತಾರ. ಮನಿ ಬಿಟ್ಟು ನೀರಿನ ಮ್ಯಾಲ ಇದ್ದೋರಿಗೆ ಉಂಡ್ರೇನು ಅಂತ ಯಾರು ಕೇಳ್ತಾರ?"

ಸಂಜೆ ವಿಡಿಯೊ ಬಂತು. ದಿನಾ ಬಡಿಸುವ ತಮ್ಮನನ್ನೇ ಕೂರಿಸಿ ಕ್ಯಾಪ್ಟನ್ ಬಡಿಸುತ್ತಿದ್ದ. ಕನ್ನಡವೇ ಬಾರದ ಹಡಗಿನವರೆಲ್ಲ ಸುತ್ತ ನಿಂತು ಅವನನ್ನು ಕೂಗಿ ಕೇಳಿದರು: "ಊತಾ ಆತೇನ್ರೀ?"

ಅಕ್ಕ ಮಷಿನ್ ಬಿಟ್ಟೆದ್ದಳು. ಮೊಬೈಲ್ ಎತ್ತಿ ಹಿಡಿದು ಓಣಿಗೆಲ್ಲ ಸಾರಿದಳು: "ಕೇಳ್ರೆಪಾ, ಸಮುದ್ರ ನಮ್ಮ ಮಾತು ಆಡಾಕತ್ತೈತಿ!"