ದೆವ್ವದ ಬಣ್ಣ ಇಳಿಸುವ ಗುಲಾಬಬಿ

ಬೆಳಗಿನ ಐದೂವರೆ. ಗುತ್ತಲದ ಆಚೆಗಿನ ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ ನಾಟಕ ಮುಗಿದು, ಪರದೆಯ ಹಗ್ಗ ಬಿಚ್ಚುತ್ತಿದ್ದಾರೆ. ಜನ ಚಾಪೆ ಸುತ್ತಿಕೊಂಡು ಮನೆ ಸೇರಿಯಾಗಿದೆ. ರಂಗದ ಹಿಂದೆ, ಮಂಕಾದ ಬಲ್ಬಿನ ಕೆಳಗೆ, ತಗಡಿನ ಟ್ರಂಕಿನ ಮೇಲೆ ಕುಳಿತ ಗುಲಾಬಬಿ ಹಳೆಯ ಧೋತರದ ಚೂರನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಹಿಂಡುತ್ತಾರೆ. ಎದುರಿಗೆ ಕುಳಿತಿರುವುದು ರಾತ್ರಿಯೆಲ್ಲ ಅಬ್ಬರಿಸಿದ ಪ್ರೇತ. ಅದು ಈಗ ಆಕಳಿಸುತ್ತಿದೆ.

"ಕಣ್ಣ ಮುಚ್ಚೋ. ನಿನ್ನ ಹೆಸರೇನು?"

"ನಿಮಗ ಗೊತ್ತಿಲ್ಲೇನಕ್ಕಾ?"

"ನನಗ ಗೊತ್ತೈತಿ. ನಿನಗ ನೆನಪೈತೇನು ನೋಡಾಕತ್ತೇನಿ. ಹೇಳು."

"ಕಲ್ಲೇಶ."

"ಅಪ್ಪನ ಹೆಸರು?"

"ಸಾಲಿಗೆ ಹೆಸರು ಹಚ್ಚೂ ಮುಂದ ಕೇಳಿದಂಗ ಕೇಳ್ತೀರಲ್ಲ!" ಎಂದು ಪ್ರೇತ ನಗುತ್ತದೆ. ಸರದಿಗೆ ಕಾಯುತ್ತಿರುವ ಮಂತ್ರಿ, ದೂತರ ವೇಷದವರೂ ನಗುತ್ತಾರೆ. ಗುಲಾಬಬಿ ನಗುವುದಿಲ್ಲ. ಹೆಸರು ಹೇಳಿಸಿದ ಮೇಲೆಯೇ ಅವನ ಹಣೆಯ ಕಪ್ಪನ್ನು ಮೆಲ್ಲಗೆ, ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಾರೆ.

ಇದು ಅವರ ಕಟ್ಟುನಿಟ್ಟಿನ ಪದ್ಧತಿ. ಕೆಟ್ಟ ಪಾತ್ರ ಮಾಡಿದವರು ತಮ್ಮ ಹೆಸರು, ತಂದೆಯ ಹೆಸರು ಹೇಳದೆ ಅವರ ಮುಂದಿನಿಂದ ಏಳುವ ಹಾಗಿಲ್ಲ. "ಬಣ್ಣ ಯಾರರ ಹಚ್ಚತಾರ್ರಿ. ಇಳಸೋದು ಖರೇ ಕೆಲಸ. ಒಳಗ ಹೋಗಿದ್ದು ಹೊರಗ ಬರಬೇಕಲ್ಲ" ಎನ್ನುತ್ತಾರೆ.

ಹೀಗೆ ಇಷ್ಟು ವರ್ಷ ನೂರಾರು ದೆವ್ವಗಳನ್ನು ಒರೆಸಿದ ಈ ಹೆಂಗಸಿಗೆ ಒಂದು ಮುಖದ ಬಣ್ಣ ಇನ್ನೂ ಇಳಿದಿಲ್ಲ ಎಂಬ ಚಿಂತೆಯಿದೆ. ಇದೇ ಊರಿನ ಕರಬಸಪ್ಪನ ಮುಖ ಅದು. ಬರುವ ಶನಿವಾರ 'ಬಾವಿಯ ಮಾತು' ನಾಟಕವನ್ನು ಮತ್ತೆ ಆಡಬೇಕೆಂದು ಊರವರು ನಿಶ್ಚಯಿಸಿದ್ದಾರೆ. ಕರಬಸಪ್ಪ ಮಾತ್ರ ಒಲ್ಲೆ ಎಂದು ಕುಳಿತಿದ್ದಾನೆ. ಹೋದ ವರ್ಷ ಆದದ್ದಕ್ಕೆ ಕಾರಣ ದೆವ್ವವೋ, ತನ್ನ ಕೈಯೋ ಎಂಬುದು ಒಂದು ವರ್ಷದಿಂದ ಗುಲಾಬಬಿಗೆ ಬಗೆಹರಿದಿಲ್ಲ.

ಐವತ್ತಾರರ ಗುಲಾಬಬಿಯ ಮನೆ ಬ್ಯಾಡಗಿಯಲ್ಲಿ. ತಂದೆ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದರು. ಎಂಟನೆಯ ವಯಸ್ಸಿಗೆ ಅಬ್ಬಾನ ಪಕ್ಕದಲ್ಲಿ ಕನ್ನಡಿ ಹಿಡಿದು ನಿಂತವರು, ಅವರು ತೀರಿಕೊಂಡ ಮೇಲೆ ಟ್ರಂಕನ್ನು ತಾವೇ ಎತ್ತಿಕೊಂಡರು. ಗಂಡನೂ ಬೇಗ ಹೋದ. ಮಗಳು ಸಿಮ್ರಾನ ಈಗ ಹೊಲಿಗೆ ಮಾಡುತ್ತಾಳೆ. ಜನವರಿಯಿಂದ ಮೇ ತಿಂಗಳವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತೈದು ನಲವತ್ತು ನಾಟಕ. ಒಂದು ನಾಟಕಕ್ಕೆ ಹನ್ನೆರಡರಿಂದ ಹದಿನೈದು ಮುಖ. ಬಿಳಿ, ಕೆಂಪು, ನೀಲಿ ಪುಡಿಗಳನ್ನು ಎಣ್ಣೆಯಲ್ಲಿ ಕಲಸುವುದು ಸಂಜೆ ಐದಕ್ಕೆ, ಕೊನೆಯ ಮುಖ ತೊಳೆಯುವುದು ಸೂರ್ಯ ಹುಟ್ಟಿದ ಮೇಲೆ. ನಾಟಕವಿಲ್ಲದ ದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೂಲಿ.

ವೇಷ ಮನುಷ್ಯನನ್ನು ಬದಲಿಸುತ್ತದೆ ಎಂಬುದು ಅವರಿಗೆ ಕಣ್ಣಾರೆ ಕಂಡ ಸಂಗತಿ. "ದುಷ್ಟ ಮಂತ್ರಿ ಬಣ್ಣ ಹಚ್ಚಿದ ಕೂಡ್ಲೆ ಚಾ ತಂದಾವಗ ಲೇ ಅಂತಾನ್ರಿ. ಬಣ್ಣ ಇಳಿಸಿದ ಮ್ಯಾಲೆ ಅವನ ತಮ್ಮಾ ಅಂತಾನ. ಬಣ್ಣ ಒಳಗ ಇಳಿತೈತೋ, ಒಳಗಿಂದು ಬಣ್ಣಕ್ಕ ಬರತೈತೋ? ನಮ್ಮ ಅಬ್ಬಾಗೂ ಗೊತ್ತಿರಲಿಲ್ಲ. ಕೇಳಿದ್ರ ಕನ್ನಡಿ ನೆಟ್ಟಗ ಹಿಡಿ ಅಂತಿದ್ರು."

'ಬಾವಿಯ ಮಾತು' ಇದೇ ಊರಿನ ಪರಮೇಶಪ್ಪ ಮಾಸ್ತರು ಬರೆದು ಕಲಿಸಿದ ದುಃಖಾಂತ ನಾಟಕ. ಒಬ್ಬ ಒಳ್ಳೆಯ ದಳವಾಯಿ ಯುದ್ಧ ಗೆದ್ದು ಬರುವಾಗ ಹಾಳುಬಾವಿಯ ಕಟ್ಟೆಯಲ್ಲಿ ದಣಿವಾರಿಸಿಕೊಳ್ಳುತ್ತಾನೆ. ಬಾವಿಯೊಳಗಿನ ಭೂತ, "ನಿನ್ನ ಪಟ್ಟ ನಿನ್ನ ತಮ್ಮನ ಪಾಲಾಗುತ್ತದೆ" ಎಂದು ಒಂದೇ ಒಂದು ಮಾತು ಆಡುತ್ತದೆ. ಅಲ್ಲಿಂದ ದಳವಾಯಿಗೆ ನಿದ್ದೆಯಿಲ್ಲ. ತಮ್ಮ ನಕ್ಕರೆ ಸಂಚು, ನಗದಿದ್ದರೂ ಸಂಚು. ಕೊನೆಗೆ ಅವನನ್ನು ಕಡಿದುಹಾಕುತ್ತಾನೆ. ತಮ್ಮ ನಿರ್ದೋಷಿ ಎಂದು ತಿಳಿದಾಗ ಅದೇ ಬಾವಿಗೆ ಹಾರುತ್ತಾನೆ.

ದಳವಾಯಿಯ ಮುಖಕ್ಕೆ ಗುಲಾಬಬಿ ನಾಲ್ಕು ಸಲ ಬಣ್ಣ ಹಚ್ಚಬೇಕು. ಮೊದಲ ಅಂಕಕ್ಕೆ ತಿಳಿಗೆಂಪು ಕೆನ್ನೆ. ಭೂತದ ಮಾತು ಕೇಳಿದ ಮೇಲೆ ಕಣ್ಣ ಕೆಳಗೆ ನೀಲಿ. ಮೂರನೆಯದಕ್ಕೆ ಅದರ ಮೇಲೆ ಕಪ್ಪು. ಕೊನೆಗೆ ಅವನ ಮುಖಕ್ಕೂ ಭೂತದ ಮುಖಕ್ಕೂ ವ್ಯತ್ಯಾಸವೇ ಉಳಿಯಬಾರದು.

ಹೋದ ವರ್ಷ ದಳವಾಯಿಯ ವೇಷ ಕರಬಸಪ್ಪನದು. ತಮ್ಮನ ವೇಷ ಅವನ ಸ್ವಂತ ತಮ್ಮ ಸಿದ್ದಲಿಂಗೇಶನದು. ನಾಟಕದ ದಿನ ಗುಲಾಬಬಿ ಮೆಣಸಿನಕಾಯಿ ಮುಟ್ಟುವುದಿಲ್ಲ. ಆ ದಿನ ಮಾತ್ರ ಲಾರಿ ತುಂಬುವ ಅವಸರವಿದೆಯೆಂದು ಕರೆದರು. ಮಧ್ಯಾಹ್ನದವರೆಗೆ ಬಿಡಿಸಿ, ಕಡಲೆಹಿಟ್ಟು, ಎಣ್ಣೆ, ಮಜ್ಜಿಗೆ ಎಲ್ಲ ಹಾಕಿ ಕೈ ತಿಕ್ಕಿಕೊಂಡು ಬಸ್ಸು ಹತ್ತಿದರು. ಮೂರನೆಯ ಬಣ್ಣದ ಹೊತ್ತಿಗೆ ಪರಮೇಶಪ್ಪ ಮಾಸ್ತರು "ಲಗೂ ಲಗೂ" ಎಂದು ನಿಂತಿದ್ದರು. ಕುಂಚ ಸಿಗಲಿಲ್ಲ. ಗುಲಾಬಬಿ ಬೆರಳಿನಿಂದಲೇ ಕಣ್ಣಂಚಿಗೆ ಕಪ್ಪು ಎಳೆದರು.

ರಂಗಕ್ಕೆ ಹೋದ ಕರಬಸಪ್ಪನ ಕಣ್ಣುಗಳು ಕೆಂಡವಾದವು, ನೀರು ಧಾರೆಯಾಗಿ ಇಳಿಯಿತು. ಎಂಥ ಅಭಿನಯ ಎಂದು ಜನ ಉಸಿರು ಹಿಡಿದರು. ನೆಲಕ್ಕೆ ಬೀಳಬೇಕಾದ ಕಟ್ಟಿಗೆಯ ಕತ್ತಿ ತಮ್ಮನ ಭುಜಕ್ಕೆ ಬಿತ್ತು. ಎಲುಬು ಮುರಿಯಿತು.

ಭೂತ ಮೈಮೇಲೆ ಬಂದಿತ್ತು ಎಂದು ಬೆಳಗಾಗುವಷ್ಟರಲ್ಲಿ ಊರೇ ಹೇಳಿತು. ಆ ಗದ್ದಲದಲ್ಲಿ ಕರಬಸಪ್ಪ ಹೆಸರು ಹೇಳದೆ, ಬಣ್ಣದ ಮುಖದಲ್ಲೇ ಆಸ್ಪತ್ರೆಗೆ ಓಡಿದ್ದ. ಅಂದಿನಿಂದ ತಮ್ಮನ ಮನೆಯ ಮೆಟ್ಟಿಲು ತುಳಿದಿಲ್ಲ. ತನ್ನೊಳಗೆ ಅದು ಇನ್ನೂ ಇದೆ, ಹೋದರೆ ಮತ್ತೇನು ಮಾಡುತ್ತೇನೋ ಎಂಬ ಭಯ. ತೋಳಿಗೆ ಮೂರು ತಾಯತ.

ಗುಲಾಬಬಿ ಬಾಯಿ ಬಿಡಲಿಲ್ಲ. ಬಿಟ್ಟರೆ ಬಣ್ಣಕ್ಕೆ ಯಾರು ಮುಖ ಕೊಟ್ಟಾರು? ಅದೂ ಅಲ್ಲದೆ ಅವರಿಗೇ ಖಾತ್ರಿಯಿರಲಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅಷ್ಟು ತೊಳೆದ ಕೈಯಲ್ಲಿ ಅಷ್ಟು ಉರಿ ಉಳಿದೀತೆ? ಆ ದಿನ ಬಂದದ್ದು ಖಾರದ ತಳಿಯ ಕಾಯಿಯೇ? ಎಷ್ಟು ನೆನೆದರೂ ನೆನಪಾಗುವುದಿಲ್ಲ. ಒಮ್ಮೊಮ್ಮೆ ಭೂತವೇ ಬಂದಿರಬಹುದು ಎನಿಸಿ ಹಗುರಾಗುತ್ತದೆ. ಹಗುರಾದದ್ದಕ್ಕೇ ಮತ್ತೆ ನಾಚಿಕೆಯಾಗುತ್ತದೆ.

ಇಂದು ಕಲ್ಲೇಶನ ಮುಖ ಒರೆಸಿ ಮುಗಿಸಿದ ಗುಲಾಬಬಿ ಬಸ್ಸಿನ ಕಡೆ ಹೋಗುವುದಿಲ್ಲ. ಟ್ರಂಕನ್ನು ಶಾಲೆಯ ಜಗಲಿಯಲ್ಲಿಟ್ಟು ನೇರ ಕರಬಸಪ್ಪನ ಮನೆಗೆ ನಡೆಯುತ್ತಾರೆ. ಅವನು ಎಮ್ಮೆಗೆ ಮೇವು ಹಾಕುತ್ತಿದ್ದಾನೆ.

"ಬರ್ರಿ ಅಕ್ಕಾರ, ಕುಂದ್ರಿ. ಚಾ ಮಾಡಸ್ತೇನಿ. ಶನಿವಾರದ ಮಾತು ಮಾತ್ರ ಬ್ಯಾಡ."

"ಮೊದಲ ನನ್ನ ಮಾತು ಕೇಳಪಾ. ಆಮ್ಯಾಲೆ ಚಾ ಕೊಡಬೇಕೋ ಬ್ಯಾಡೋ ನೀನ ಹೇಳು."

ನಿಂತೇ ಎಲ್ಲವನ್ನೂ ಹೇಳುತ್ತಾರೆ. ತುಂಬು ಬಿಡಿಸಿದ್ದು, ಕುಂಚ ಸಿಗದ್ದು, ಬೆರಳು. "ನಿನ್ನ ಕಣ್ಣಾಗ ಹೋಗಿದ್ದು ದೆವ್ವಲ್ಲ, ನನ್ನ ಕೈಯಾನ ಖಾರ ಇರಬೇಕು. ಒಂದ ವರ್ಷ ಅಂಜಿ ಸುಮ್ಮನಿದ್ದೆ. ನನ್ನ ಬೈದುಬಿಡು. ಆದ್ರ ತಮ್ಮನ ಮನೀಗೆ ಹೋಗು."

ಕರಬಸಪ್ಪ ಎಮ್ಮೆಯ ಬೆನ್ನು ಸವರುತ್ತಾನೆ. "ಖಾರ? ಮೂರು ತಾಯತ ಕಟ್ಟಿಸಿಕೊಂಡೇನಲ್ರೀ ನಾನು!" ಎಂದು ನಗುತ್ತಾನೆ. ನಗು ಅರ್ಧಕ್ಕೇ ನಿಲ್ಲುತ್ತದೆ.

"ಕಣ್ಣು ಉರಿದದ್ದು ಖರೇ ಅಕ್ಕಾರ. ಆದ್ರ ನನಗ ಕಾಣತಿತ್ತು."

"ಏನು ಕಾಣತಿತ್ತು?"

"ತಮ್ಮನ ಭುಜ. ಕತ್ತಿ ನೆಲಕ್ಕ ಹೊಡಿಬೇಕು ಅನ್ನೋದೂ ನೆನಪಿತ್ತು. ನಾಟಕದ ಎರಡ ದಿನ ಮೊದಲ ಬೋರಿನ ನೀರಿನ ಪಾಳಿಗೆ ಜಗಳ ತಗದು, ಅವ ನನಗ ನಾಕ ಮಂದಿ ಮುಂದ ಹೊಲಸ ಅಂದಿದ್ದ. ಅದೂ ನೆನಪಿತ್ತು." ಕೈಯಲ್ಲಿನ ಮೇವನ್ನು ಕೆಳಗಿಡುತ್ತಾನೆ. "ದೆವ್ವ ಅಂತ ಮಂದಿ ಅಂದ್ರು. ಹೂಂ ಅಂದೆ. ಈಗ ನೀವು ಖಾರ ಅಂತೀರಿ. ಇದಕ್ಕೂ ಹೂಂ ಅಂದ್ರ ನಾ ಎಲ್ಲಿ ಹೋದೆ?"

ದೆವ್ವವೂ ಅಲ್ಲ, ಖಾರವೂ ಅಲ್ಲ ಎಂದರೆ ಹೊಡೆದದ್ದು ಎದುರಿಗೆ ನಿಂತಿರುವ ಈ ಸಾಧು ಮನುಷ್ಯನೇ. ಅದನ್ನು ನಂಬಲು ಗುಲಾಬಬಿಯ ಮನಸ್ಸು ಒಪ್ಪುವುದಿಲ್ಲ. ಭೂತದ ಮಾತು, ಬೋರಿನ ನೀರು, ತನ್ನ ಬೆರಳು ಇವೆಲ್ಲ ಕಲಸಿದ ಬಣ್ಣದ ಹಾಗೆ ಒಂದರೊಳಗೊಂದು ಸೇರಿ, ಯಾವುದು ಯಾವುದೆಂದು ಬೇರ್ಪಡಿಸಲು ಬಾರದು. ಕರಬಸಪ್ಪ ಒಳಗೆ ಹೋಗಿ ಚಹಾ ಹೇಳಿಬರುತ್ತಾನೆ. ಇಬ್ಬರೂ ಅಲ್ಲೇ ಕುಳಿತು ಕುಡಿಯುತ್ತಾರೆ.

ಅದೇ ಸಂಜೆ ಅವನು ತಮ್ಮನ ಮನೆಗೆ ಹೋಗಿ, ತನಗೆ ಎಲ್ಲ ಕಾಣುತ್ತಿತ್ತು ಎಂದು ಅವನೆದುರೂ ಹೇಳುತ್ತಾನೆ. ಸಿದ್ದಲಿಂಗೇಶ ಮೊದಲು ಬಾಗಿಲು ಹಾಕಿಕೊಂಡನಂತೆ. ರಾತ್ರಿ ಊಟಕ್ಕೆ ತೆರೆದನಂತೆ. ಎರಡು ದಿನ ಬಿಟ್ಟು ತಾಲೀಮಿಗೆ ಇಬ್ಬರೂ ಬರುತ್ತಾರೆ. ಪಾತ್ರ ಮಾತ್ರ ಅದಲುಬದಲು. ಕತ್ತಿಯ ಕೆಳಗೆ ಕೂರುವ ವೇಷ ತನಗೆ ಬೇಕೆಂದು ಕರಬಸಪ್ಪನೇ ಕೇಳಿಕೊಂಡಿದ್ದಾನೆ.

"ಬಣ್ಣಕ್ಕ ರಾಣೆಬೆನ್ನೂರಿಂದ ಬ್ಯಾರೇದವರನ್ನ ಕರಸೋಣೇನು?" ಎಂದು ಖಾರದ ಸುದ್ದಿ ತಿಳಿದ ಪರಮೇಶಪ್ಪ ಮಾಸ್ತರು ಗುಲಾಬಬಿಯ ಮುಖ ನೋಡದೆ ಕೇಳುತ್ತಾರೆ.

"ಯಾಕ್ರಿ? ತಪ್ಪಾತು ಅಂತ ಹೇಳಾಕ ಬಂದವರು ಇಡೀ ಊರಾಗ ಈ ಅಕ್ಕಾರೊಬ್ಬರ" ಎನ್ನುತ್ತಾನೆ ಕರಬಸಪ್ಪ.

ಸಿದ್ದಲಿಂಗೇಶ ಕಟ್ಟಿಗೆಯ ಕತ್ತಿ ತೂಗಿ ನೋಡುತ್ತಾನೆ. "ಈ ಸಲ ಇದು ನನ್ನ ಕೈಯಾಗ ಐತಿ. ಹೆಂಗ ಅಣ್ಣಾ?"

"ಹೊಡಿಯೋದಿದ್ರ ಎಡಕ್ಕ ಹೊಡಿಯಪಾ. ಬಲಗೈಲೆ ಎಮ್ಮಿ ಹಿಂಡಬೇಕು."

ಎಲ್ಲರೂ ನಗುತ್ತಾರೆ. ಕತ್ತಿ ಪ್ರತಿಸಲವೂ ಗೇಣು ದೂರದಲ್ಲಿ ನೆಲಕ್ಕೆ ಬೀಳುತ್ತದೆ. ಒಮ್ಮೆ ಮಾತ್ರ ಮೇಲೆತ್ತಿದ್ದು ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ಸಿದ್ದಲಿಂಗೇಶನ ಕಣ್ಣಿನಲ್ಲಿ ಏನೋ ಹಾದುಹೋಗುತ್ತದೆ. ಬಣ್ಣ ಹಚ್ಚಿಲ್ಲ, ಭೂತದ ಪ್ರವೇಶವೂ ಆಗಿಲ್ಲ. ಮುಖಗಳನ್ನು ನೋಡಿಯೇ ಬದುಕಿದ ಗುಲಾಬಬಿಗೆ ಅದು ಕಾಣುತ್ತದೆ. ಕತ್ತಿ ನೆಲಕ್ಕೆ ಇಳಿಯುತ್ತದೆ.

ಶನಿವಾರಕ್ಕೆ ಹೊಸ ಕುಂಚ ತಂದಿದ್ದಾರೆ. ಈ ವಾರ ಮೆಣಸಿನಕಾಯಿಗೆ ಹೋಗಿಲ್ಲ. ದೊಡ್ಡ ಆಸೆಯೇನೂ ಇಲ್ಲ, ಒಂದು ಸಣ್ಣ ಬದಲಾವಣೆ ಮಾಡಬೇಕೆಂದಿದೆ. ಅದು ಸರಿಯೋ ತಪ್ಪೋ ಇನ್ನೂ ಗೊತ್ತಾಗುತ್ತಿಲ್ಲ.

"ಭೂತ ಮಾತಾಡಿದ ಮ್ಯಾಲೆ ದಳವಾಯಿಗೆ ಕಪ್ಪು ಹಚ್ಚೋದು ನಮ್ಮ ರೂಢಿ. ಈ ಸಲ ಮೊದಲನೇ ಅಂಕಕ್ಕ, ಅವ ಒಳ್ಳ್ಯಾವ ಇದ್ದಾಗನ, ಕಣ್ಣಿನ ಮೂಲ್ಯಾಗ ಒಂದ ಚೂರು ಕಪ್ಪು ಹಚ್ಚತೇನ್ರಿ. ಮಂದಿಗೆ ಕಾಣೂದಿಲ್ಲ. ಹಚ್ಚಿದಾಕಿಗೆ ಗೊತ್ತಿದ್ರ ಸಾಕು, ಎಲ್ಲಿತನಕ ಒರಸಬೇಕು ಅಂತ."